ಜೋಡಿ ಸುರುಳಿ

"ಗಿಟಾರ್ ಒಯ್ರಿ ಬೇಟಾ. ಆದ್ರ ಈ ಎರಡು ಸುರುಳಿ ಜೋಡೀನೇ ಇರ್ಲಿ. ಕಟ್ಟು ಬಿಚ್ಚಬ್ಯಾಡ್ರಿ" ಎಂದು ಖುರ್ಷೀದ್ ಬೇಗಂ ಹೇಳಿದಾಗ, ಹಳೆ ಗಿಟಾರ್ ಕೊಳ್ಳಲು ಬಂದಿದ್ದ ಸುಮಂತನಿಗೆ ನಗು ತಡೆಯಲಾಗಲಿಲ್ಲ.

ಕಮಲಾಪುರದ ಆ ಪಡಸಾಲೆಯಲ್ಲಿ ಮಾಗಿದ ಬಾಳೆಹಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಆಕೆಯ ಗಂಡ, ತೀರಿಹೋದ ಬುರ್ಹಾನುದ್ದೀನ್, ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವರು. ಈ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪು, ಅಂದರೆ ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವ ಸುರುಳಿಗಳು, ಅವರೇ ಕೂಡಿಸಿದವು. ಒಂದು ಬಲಕ್ಕೆ ಸುತ್ತಿದ್ದು, ಇನ್ನೊಂದು ಎಡಕ್ಕೆ. ಎರಡನ್ನೂ ಕೂಡಿಸಿ ಕರಿ ಟೇಪು ಬಿಗಿದಿತ್ತು.

"ಬಿಚ್ಚಿದ್ರ ದೆವ್ವ ಬರ್ತದೇನ್ರೀ?"

ಮುದುಕಿ ನಗಲಿಲ್ಲ. "ಮನ್ಯಾಗ ಹಾಡೋರು ಇದ್ದಾರಂದ್ರಿ. ಅದಕ್ಕ ಹೇಳಾಕತ್ತೀನಿ."

"ಆಯ್ತ್ರೀ, ಕಟ್ಟಿಗೆ ಕೈ ಹಚ್ಚಂಗಿಲ್ಲ."

ಮಾತು ಕೊಟ್ಟದ್ದು ನಿಜ. ಆದರೆ ಪುಣೆಯಲ್ಲಿ ಬೆಳೆದು, ಹೆಂಡತಿಯ ಊರು ಕಲಬುರಗಿಗೆ ಬಂದು ಇನ್ನೂ ವರ್ಷ ತುಂಬದ ಈ ಅಳಿಯದೇವರಿಗೆ ಕಟ್ಟು ಎಂದರೆ ಆ ಕರಿ ಟೇಪು, ಅಷ್ಟೇ. ಆ ಮಾತಿಗೆ ಇನ್ನೊಂದು ಅರ್ಥವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೆಂಡತಿ ಶುಭದಾ ಶರಣಬಸವೇಶ್ವರ ಗುಡಿಯ ಹತ್ತಿರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಇಷ್ಟು ವರ್ಷ ಬೇರೆಯವರ ಹಿಂದೆ ನಿಂತು ದನಿಗೂಡಿಸಿದವಳಿಗೆ ಈ ಭಾನುವಾರ ಮೊದಲ ಸಲ ಒಂಟಿ ಕಛೇರಿ. ಅವಳಿಗೆ ಇದ್ದ ಆಸ್ತಿಯೆಲ್ಲ ಆ ಕಂಠವೇ. ಜೊತೆಗೆ ಗಿಟಾರ್ ನುಡಿಸುವವನು ಸುಮಂತ. ಅವಳು ಮೆಲ್ಲಗೆ ಹಾಡುವಾಗ ಗಿಟಾರಿನ ನಾದ ತೆಳ್ಳಗಿರಬೇಕು, ಏರಿದಾಗ ದಪ್ಪಗಾಗಬೇಕು ಎಂಬುದು ಅವನ ಹಟ. ತೆಳು ನಾದಕ್ಕೆ ಒಂದೇ ಸುರುಳಿ ಸಾಕು. ವೈರು ಬೇರೆ ಮಾಡಿ ನಡುವೆ ಒಂದು ಸ್ವಿಚ್ಚು ಕೂಡಿಸಿದರೆ ಮುಗಿಯಿತು, ಟೇಪು ಮುಟ್ಟುವ ಗೋಜೇ ಇಲ್ಲ.

ಶನಿವಾರ ಮಧ್ಯಾಹ್ನ ಸೇಡಂ ರಸ್ತೆಯ ಮನೆಯಲ್ಲಿ ಬಿಸಿಲಿಗೆ ಕಿಟಕಿ ಮುಚ್ಚಿ, ಕತ್ತಲೆ ಮಾಡಿಕೊಂಡು ಕೂತ. ಕಾದ ಸೋಲ್ಡರಿಂಗ್ ಕಡ್ಡಿ ತಾಕಿಸಿದ. ಸೀಸದ ಹೊಗೆ ಏಳಬೇಕಿತ್ತು. ಎದ್ದದ್ದು ಸುಟ್ಟ ಕೂದಲಿನ ವಾಸನೆ. ಮೂಗು ಮುಚ್ಚಿಕೊಂಡೇ ಬೆಸುಗೆ ಮುಗಿಸಿ ಸ್ವಿಚ್ಚು ಒತ್ತಿದ.

ಗುಂಯ್ ಎಂದಿತು.

ಒಂಟಿ ಸುರುಳಿ ಗುಂಯ್‌ಗುಡುವುದು ಹೊಸದೇನಲ್ಲ, ತಂತಿ ಮುಟ್ಟಿದರೆ ನಿಲ್ಲುತ್ತದೆ. ಇದೂ ನಿಂತಿತು. ಕೈ ತೆಗೆದರೆ ಮತ್ತೆ ಶುರು. ಅರ್ಥಿಂಗ್ ಬದಲಿಸಿದ. ಒಳಗೆಲ್ಲ ತಗಡಿನ ಹಾಳೆ ಅಂಟಿಸಿದ. ಜಗತ್ ಸರ್ಕಲ್ಲಿನ ಅಂಗಡಿವರೆಗೆ ಹೋಗಿ ಹೊಸ ಕೇಬಲ್ ತಂದ. ಜಪ್ಪಯ್ಯ ಎಂದರೂ ಅದು ಜಗ್ಗಲಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು, ತಲೆ ಸಿಡಿಯಿತು. ಎರಡು ಸುರುಳಿಯನ್ನೂ ಮೊದಲಿನಂತೆ ಕೂಡಿಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೂಡಿಸಲೆಂದೇ ಹೋದ. ವೈರು ಸಿಗಲಿಲ್ಲ, ಜಾರಿತು, ಮತ್ತೆ ಜಾರಿತು. ಅವನ ಸಿಟ್ಟು ನೆತ್ತಿಗೇರಿತು. "ಇದರಜ್ಜಿ!" ಎಂದು ಹಿಡಿದು ಎಳೆದ.

ಎಡಕ್ಕೆ ಸುತ್ತಿದ ಸುರುಳಿಯ ಎಳೆ, ಕೂದಲಿಗಿಂತ ತೆಳ್ಳಗಿನದು, ಒಳಗೇ ಎಲ್ಲೋ ಪಟ್ಟೆಂದಿತು.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಗುಂಯ್‌ಗುಡುವುದು ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಶುಭದಾ ನಾಳಿನ ಹಾಡು ಗುನುಗುತ್ತಿದ್ದಳು. ಆ ಗುನುಗು ತೆಳ್ಳಗಾಯಿತು. ಆಮೇಲೆ ಇಲ್ಲವಾಯಿತು. ಸತ್ತ ಸ್ಪೀಕರಿನೊಳಗಿಂದ ಅವಳದೇ ದನಿ, ಅದೇ ಹಾಡು, ಕೊನೆಯಿಂದ ಮೊದಲಿಗೆ, ತಿರುವುಮುರುವಾಗಿ ಬರತೊಡಗಿತು.

ಬಾಗಿಲಲ್ಲಿ ಶುಭದಾ ನಿಂತಿದ್ದಳು. ಬಾಯಿ ತೆರೆದಿತ್ತು. ಗಂಟಲ ನರ ಉಬ್ಬಿತ್ತು. ಸೊಲ್ಲಿಲ್ಲ.

ಸುಮಂತ ಕಮಲಾಪುರಕ್ಕೆ ಫೋನ್ ಮಾಡಿದ. "ಅಮ್ಮಾ, ಟೇಪ್ ಬಿಚ್ಚಿಲ್ಲರೀ! ವೈರ್ ಅಷ್ಟೇ..."

"ಟೇಪ್ ಅಲ್ಲ ಬೇಟಾ! ಮಾಟದ ಕಟ್ಟು!" ಮುದುಕಿ ಚೀರಿದಳು. "ನನ್ನ ಮಗಳು ಕೌಸರ್ ಹಾಡ್ತಿದ್ಳು. ಯಾರೋ ಹೊಟ್ಟಿಕಿಚ್ಚಿಗೆ ಆಕಿ ಕೂದಲಾ ತಾಮ್ರದ ತಂತ್ಯಾಗ ಬಲಕ್ಕ ಸುತ್ತಿ ಹೊಸ್ತಿಲದಾಗ ಹೂಳಿದ್ರು. ದನಿ ಹೋತು. ಸುಟ್ರ ಆಕಿ ಪೂರಾ ಮೂಕಿ ಆಗ್ತಾಳಂದ್ರು. ನಮ್ಮವ್ರು ಉಲ್ಟಾ ಸುರುಳಿ ಸುತ್ತಿ, ಜೋಡಿ ಮಾಡಿ ಈ ಗಿಟಾರಿನ್ಯಾಗ ಹಾಕಿ, ಅದರ ಬಾಯಿ ಕಟ್ಟಿದ್ರು. ಆ ಉಲ್ಟಾ ಸುರುಳಿ ಐತಲ್ಲ?"

"ಹರೀತ್ರೀ."

"ಯಾ ಅಲ್ಲಾ. ಅದನ್ನ ಸುತ್ತೋ ಕೈ ಮಣ್ಣಾಗ ಹೋಗ್ಯಾವ. ಬಿಚ್ಚಿದ ಕೈನೇ ಈಗ ಕಟ್ಟಬೇಕು."

ಸುಮಂತ ಗಿಟಾರಿನ ಮೇಲೆ ಬಿದ್ದ. ಅಂಗೈ ತಂತಿಗಳ ಮೇಲೆ ಅದುಮಿದ. ಗುಂಯ್ ನಿಂತಿತು.

"ರೀ..." ಎಂದಳು ಶುಭದಾ. ದನಿ ಬಂದಿತ್ತು. ಅವಳು ಅಳುತ್ತ ತನ್ನ ಕೈಯನ್ನೂ ತಂತಿಗೆ ಇಟ್ಟಳು, ಅವನು ತನ್ನದನ್ನು ತುಸು ಎತ್ತಿ ನೋಡಿದ. ಅವಳ ಕೈ ಅಲ್ಲೇ ಇದ್ದರೂ ಮಾತು ನಡುವೆಯೇ ಕತ್ತರಿಸಿಹೋಯಿತು. ಮತ್ತೆ ಅದುಮಿದ.

"ಕೈ ತೆಗೀಬ್ಯಾಡ್ರಿ" ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀಬ್ಯಾಡ್ರಿ."

ಅವನು ತೆಗೆಯಲಿಲ್ಲ. ಅನ್ನವನ್ನು ಅವಳೇ ತುತ್ತು ಮಾಡಿ ತಿನ್ನಿಸಿದಳು. ಅವನು ನಿದ್ದೆ ಮಾಡಲಿಲ್ಲ. ಭಾನುವಾರ ಸಂಜೆ ಶುಭದಾ ಹಿಂದೆಂದೂ ಹಾಡದಂತೆ ಹಾಡಿದಳು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕದಲ್ಲಿ ಸುಮಂತ ಒಂದೇ ಒಂದು ಸ್ವರ ನುಡಿಸದೆ, ತಂತಿಗಳ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದ. ಅಷ್ಟು ನಾದಗಳ ಕನಸು ಕಂಡವನ ಕೈಗೆ ಈಗ ಉಳಿದ ಕೆಲಸ ಇದೊಂದೇ. ಅವನಿಗೆ ಎದೆ ಒಡೆಯುವಷ್ಟು ಸಿಟ್ಟಿತ್ತು, ಆ ಸಿಟ್ಟನ್ನು ಹಾಕಲು ಜಾಗವಿರಲಿಲ್ಲ.

ಆಟೋದಲ್ಲಿ ಮನೆಗೆ ಮರಳುವಾಗ ಕತ್ತಲಾಗಿತ್ತು. ತಂಗಾಳಿ ಬೀಸಿತು. ಅವನ ರೆಪ್ಪೆ ಭಾರವಾದವು. ತೊಡೆಯ ಮೇಲಿನ ಗಿಟಾರಿನ ತಂತಿ ಒತ್ತಿದ್ದ ಬೆರಳು ಮರಗಟ್ಟಿದ್ದವು. ತಲೆ ಒಮ್ಮೆ ತೂಗಿತು.

"ರೀ, ಎಚ್ಚರ ಇರ್ರಿ" ಎಂದು ಶುಭದಾ ಅವನ ಭುಜ ಹಿಡಿದು ಅಲುಗಿಸಿದಳು. "ಎಚ್ಚರ ಇರ್ರಿ. ನಿಮಗ ಕೈ ಮುಗೀತೀನಿ, ಎಚ್ಚ..."