ರಸಾಯನಶಾಸ್ತ್ರದ ಕೊನೆಯ ನಾಲ್ಕು ಹಾಳೆ

"ಇದು ಹಳೇದು. ನಂಗೆ ಹೊಸದು ಬೇಕು," ಎಂದಳು ತೀಬಾ.

"ಹೊಸದು ಇನ್ನೂ ಬಂದಿಲ್ಲ. ಬರೋವರೆಗೆ ಸುಮ್ನೆ ಕೂತಿರ್ತೀರಾ?" ಎಂದ ಜೆರಾಕ್ಸ್ ಅಂಗಡಿಯ ದುರೈದ್. "ಇದು ನಾನು ಓದಿದ್ದು."

"ಓದಿ ಡಾಕ್ಟರಾದ್ರಾ?"

"ಇಲ್ಲ. ಅರ್ಧ ಅಂಕ ಕಡಿಮೆ ಬಿತ್ತು. ನರ್ಸಿಂಗ್ ಓದ್ತಿದೀನಿ. ಬೇಕಾದ್ರೆ ತಗೊಳ್ಳಿ."

ಮೋಸುಲ್‌ನಲ್ಲಿ ಮೆಡಿಕಲ್ ಸೀಟು ಬೇಕೆಂದರೆ ಮಲ್ಜಮ ಓದಲೇಬೇಕು. ಹೆಸರುವಾಸಿ ಮೇಷ್ಟ್ರ ಟಿಪ್ಪಣಿಗಳ ಜೆರಾಕ್ಸ್ ಕಟ್ಟು ಅದು. ತೀಬಾ ರಸಾಯನಶಾಸ್ತ್ರದ ಆ ಹಳೇ ಕಟ್ಟನ್ನೇ ಒಯ್ದಳು.

ಅಂಚಿನ ತುಂಬ ಅವನ ಪೆನ್ಸಿಲ್ ಬರಹ. 'ಇಲ್ಲಿ ನಾನು ಎರಡು ಸಲ ಎಡವಿದ್ದೇನೆ. ನಿಧಾನವಾಗಿ ಓದು.' ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತಿತ್ತು...

ಅವಳು ಕೆಳಗೊಂದು ಪ್ರಶ್ನೆ ಬರೆದಳು. ಬೈಂಡಿಂಗ್ ಬಿಚ್ಚಿದೆ ಎಂಬ ನೆಪದಲ್ಲಿ ಅಂಗಡಿಗೆ ಕೊಟ್ಟಳು. ಎರಡು ದಿನದಲ್ಲಿ ಉತ್ತರ ಬಂತು.

ಚಳಿಗಾಲವಿಡೀ ಆ ಬೈಂಡಿಂಗ್ ಬಿಚ್ಚುತ್ತಲೇ ಇತ್ತು.

"ಈ ಹುಡುಗಿ ಮಲ್ಜಮ ಓದ್ತಾಳೋ, ತಿಂತಾಳೋ?" ಎಂದು ದುರೈದ್‌ನ ತಂದೆ ಗೊಣಗಿದರು.

ಫೆಬ್ರವರಿಯ ನಂತರ ಅಂಚಿನಲ್ಲಿ ಬರೀ ಸೂತ್ರಗಳು ಉಳಿದವು. ದುರೈದ್ ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟ. ನಾನೇನು ತಪ್ಪು ಮಾಡಿದೆ?... ತೀಬಾ ಕೇಳಲಿಲ್ಲ.

ಜೂನ್‌ನಲ್ಲಿ ರಸಾಯನಶಾಸ್ತ್ರದ ಪರೀಕ್ಷೆ. ಐದನೇ ಅಧ್ಯಾಯ ಆ ವರ್ಷ ಬದಲಾಗಿತ್ತು. ಇಪ್ಪತ್ತು ಅಂಕದ ಪ್ರಶ್ನೆಗೆ ಅವಳಿಂದ ಒಂದು ಸಾಲೂ ಬರೆಯಲಾಗಲಿಲ್ಲ. ಸೀಟು ಕೈತಪ್ಪಿತೆಂದು ಅಲ್ಲೇ ಗೊತ್ತಾಯಿತು.

ನೇರವಾಗಿ ಅಂಗಡಿಗೆ ಬಂದು ಮಲ್ಜಮವನ್ನು ಕೌಂಟರಿನ ಮೇಲೆ ಎಸೆದಳು.

"ಅಧ್ಯಾಯ ಬದಲಾಗಿದೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ನಿನಗೆ ಸಿಗದ ಸೀಟು ನನಗೂ ಸಿಗಬಾರ್ದು ಅಂತಾನಾ?"

ದುರೈದ್‌ನ ಮುಖ ಬಿಳಿಚಿತು. ಮಲ್ಜಮವನ್ನು ಹಿಂದಿನಿಂದ ತೆರೆದ. ಹಳೆಯ ಪ್ರಶ್ನೆಪತ್ರಿಕೆಗಳ ಆಚೆ ನಾಲ್ಕು ಹೊಸ ಹಾಳೆಗಳಿದ್ದವು. ಹೊಸ ಐದನೇ ಅಧ್ಯಾಯ.

"ಫೆಬ್ರವರೀಲೇ ಸೇರಿಸಿದ್ದೆ. ನೋಡಿರ್ತೀಯ ಅಂದ್ಕೊಂಡೆ."

ಅವಳು ನೋಡಿರಲಿಲ್ಲ. ಮಲ್ಜಮ ವಾಪಸ್ ಬಂದಾಗಲೆಲ್ಲ ತಾನು ಪ್ರಶ್ನೆ ಬರೆದಿದ್ದ ಪುಟಗಳಲ್ಲಷ್ಟೇ ಅವನ ಅಕ್ಷರ ಹುಡುಕುತ್ತಿದ್ದಳು.

ಕೊನೆಯ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಒಂದೇ ಸಾಲಿತ್ತು: 'ಹೆಣ್ಣು ಕೇಳಲು ಅಮ್ಮನನ್ನು ನಿಮ್ಮ ಮನೆಗೆ ಕಳಿಸಲಾ?'

ತೀಬಾ ಅದನ್ನು ಮತ್ತೆ ಮತ್ತೆ ಓದಿದಳು.

"ನಾಲ್ಕು ತಿಂಗಳು ಉತ್ತರ ಬರ್ಲಿಲ್ಲ," ಎಂದ ದುರೈದ್. "ಬೇಡ ಅಂತಾನೇ ಅಂದ್ಕೊಂಡೆ. ಬಾಯಿಬಿಟ್ಟು ಕೇಳೋ ಧೈರ್ಯ ಬರ್ಲಿಲ್ಲ. ತಪ್ಪು ನಂದೇ."

"ಅರ್ಧ ನಂದು." ಅವಳು ಕಣ್ಣೊರೆಸಿಕೊಂಡಳು. "ನಾಳಿದ್ದು ಭೌತಶಾಸ್ತ್ರಕ್ಕೆ ನಾನು ಕೂರಲ್ಲ. ಎಲ್ಲ ಬರೆದು ಪಾಸಾದ್ರೆ ಈ ಅಂಕಕ್ಕೇ ಅಂಟಿಕೊಂಡಿರಬೇಕು. ಬಿಟ್ರೆ ಇನ್ನೊಂದು ವರ್ಷ ಓದಿ ಮತ್ತೆ ಎಲ್ಲ ಬರೀಬಹುದು."

"ಮನೇಲಿ?"

"ಅಪ್ಪ ಒಂದು ವಾರ ಮಾತಾಡಲ್ಲ. ಆಮೇಲೆ ಮಾತಾಡ್ತಾರೆ."

ಅವಳು ಕೌಂಟರಿನ ಪೆನ್ಸಿಲ್ ತೆಗೆದುಕೊಂಡು ಅವನ ಸಾಲಿನ ಕೆಳಗೆ ಬರೆದಳು: 'ಕಳಿಸು. ಮಿಠಾಯಿ ಬೇಡ. ಹೊಸ ಮಲ್ಜಮ ತರಲಿ.'

ದುರೈದ್ ಆ ಸಾಲನ್ನು ಬೆರಳಿಟ್ಟು ಓದಿದ.

"ಹೊಸದು ಬರೋದು ಫೆಬ್ರವರಿಗೆ," ಎಂದ.

"ಹಾಗಾದ್ರೆ ಅಮ್ಮನೂ ಫೆಬ್ರವರಿಗೇ ಬರಲಿ. ಆದ್ರೆ ಈ ಸಲ ಏನಿದ್ರೂ ಬಾಯಿಬಿಟ್ಟು ಹೇಳು."

"ಹೇಳ್ತೀನಿ, ತೀಬಾ."