ಕ್ಯಾಪ್ಟನ್ನರ ಬಲಗಡೆಯ ಕಲ್ಲು

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ ಕೊರಿನ್ ಬೆಲ್ಚರ್ ಕೆಲಸಕ್ಕೆ ಹೊರಟಳು. ಫ್ರಿಜ್ಜಿನ ತುಂಬ ನೆರೆಯವರು ತಂದಿಟ್ಟ ಪಾತ್ರೆಗಳಿದ್ದವು. ಒಂದೊಂದರ ತಳಕ್ಕೂ ಟೇಪು ಅಂಟಿಸಿ ಹೆಸರು ಬರೆದಿದ್ದರು, ಖಾಲಿಯಾದ ಮೇಲೆ ಯಾರದು ಯಾರಿಗೆ ಎಂದು ಗೊತ್ತಾಗಬೇಕಲ್ಲ. ಯಾರದೋ ಪಾತ್ರೆಯಿಂದ ತಣ್ಣಗಿನ ಬೀನ್ಸು ನಾಲ್ಕು ಚಮಚ ತಿಂದು ಕೋಟು ಹಾಕಿಕೊಂಡಳು.

ಹಜಾರದಲ್ಲಿ ಗೋಡೆಗೆ ಒರಗಿಸಿದ್ದ ಕನ್ನಡಿಯ ಮೇಲೆ ಕಪ್ಪು ಬಟ್ಟೆ ಹೊದಿಸಿತ್ತು. ಸಾವಿನ ಮನೆಯಲ್ಲಿ ಕನ್ನಡಿ ತೆರೆದಿಡಬಾರದು ಎಂದು ಅತ್ತೆ ಹೊದಿಸಿ ಹೋಗಿದ್ದರು. ಆ ಕನ್ನಡಿ ಈ ಮನೆಯದಲ್ಲ. ಆಗಸ್ಟಿನಲ್ಲಿ ಗಂಡ ಏಸಾ ಯಾರ ಹತ್ತಿರವೋ ಕೇಳಿ ತಂದಿದ್ದ. ಸವೆದ ಗೋರಿಕಲ್ಲಿನ ಮೇಲೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಅಳಿದ ಅಕ್ಷರ ಏಳುತ್ತದೆ. "ವಾರದಲ್ಲಿ ಕೊಟ್ಟುಬಿಡ್ತೀನಿ ಕಣೇ" ಎಂದಿದ್ದ. ಕೊಡಲಿಲ್ಲ. ಸೆಪ್ಟೆಂಬರ್ ಪೂರ್ತಿ ಅದು ಅಲ್ಲೇ ನಿಂತಿತ್ತು. ಕೊರಿನ್ ದಿನಾ ಅದಕ್ಕೆ ಕಾಲು ತಾಗಿಸಿಕೊಂಡು ಬೈದಳು, ಅವನು ದಿನಾ "ನಾಳೆ" ಎಂದ. ಅಕ್ಟೋಬರಿನ ಒಂದು ಶನಿವಾರ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದವನು ಹಾಗೇ ಕುಳಿತು, ಹಾಗೇ ಹೋದ. ಕನ್ನಡಿಯ ತಳದಲ್ಲಿ ಯಾರ ಹೆಸರೂ ಇರಲಿಲ್ಲ.

ವೆಸ್ಟ್ ಹಾರ್ಲೋ ಪೊಲೀಸ್ ಠಾಣೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರು. ಚೀಫ್ ಮಕ್‌ನಲ್ಟಿ ಅವಳ ಮೇಜಿನ ಮೇಲೆ ಒಂದು ಡೋನಟ್ ಇಟ್ಟು ಹೋದ. 8.40ಕ್ಕೆ ಲವೀನಿಯಾ ವಾಡಮ್ಸ್ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಹಳೆಯ ಸ್ಮಶಾನದ ಉಸ್ತುವಾರಿ ಅವಳದು. ಊರು ಕಟ್ಟಿದ ಮೊದಲ ಕುಟುಂಬಗಳ ಸಂಘಕ್ಕೂ ಅವಳೇ ಅಧ್ಯಕ್ಷೆ.

"ಸ್ಮಶಾನದಲ್ಲಿ ಒಂದು ಕಲ್ಲು," ಎಂದಳು.

"ಕಳುವಾಯ್ತಾ?" ಕಾನ್‌ಸ್ಟೇಬಲ್ ಟಿಬೆಟ್ಸ್ ಪೆನ್ನು ತೆಗೆದ.

"ಇಲ್ಲ. ಹೆಚ್ಚಾಗಿದೆ."

"ಹೆಚ್ಚಾಗಿದೆ ಅಂದ್ರೆ? ಮರಿ ಹಾಕ್ತಾ ಮೇಡಂ?"

"ನಗಬೇಡ ಕಣಯ್ಯಾ. ನಮ್ಮ ಕ್ಯಾಪ್ಟನ್ನರ ಬಲಗಡೆ ಯಾರೋ ಹೆಂಗಸು ಬಂದು ಮಲಗಿದ್ದಾಳೆ." ಲವೀನಿಯಾ ಕೊರಿನ್ ಕಡೆ ತಿರುಗಿದಳು. "ನಿನ್ನ ಗಂಡನ ಮಣ್ಣಿಗೆ ಬಂದಾಗಲೇ ನೋಡಿದೆ ಮಗಳೇ. ಅವತ್ತು ಹೇಳೋದು ಸರಿಯಲ್ಲ ಅಂತ ಸುಮ್ಮನಿದ್ದೆ."

ಕೊರಿನ್ ದೂರು ದಾಖಲಿಸಿಕೊಂಡಳು.

ಹಳೆಯ ಸ್ಮಶಾನ ಗುಡ್ಡದ ಇಳಿಜಾರಿನಲ್ಲಿದೆ. ಹೊಸ ಭಾಗ ಕೆಳಗೆ. ಅಲ್ಲಿನ ಹಸಿ ಮಣ್ಣಿನ ಕಡೆ ಕೊರಿನ್ ನೋಡದೆ ಹತ್ತಿದಳು. ಹಿಂದೆ ಟಿಬೆಟ್ಸ್, ಲವೀನಿಯಾ. ಮೇಪಲ್ ಮರಗಳು ಬೋಳಾಗಿದ್ದವು. ಕ್ಯಾಪ್ಟನ್ ಜೊಸೈಯಾ ವಾಡಮ್ಸ್‌ರ ಎತ್ತರದ ಕಲ್ಲು, ಅದರ ಎಡಕ್ಕೆ ಅವರ ಹೆಂಡತಿಯದು. ಬಲಕ್ಕೆ ಗಿಡ್ಡನೆಯ ಕಪ್ಪು ಸ್ಲೇಟುಗಲ್ಲು ಒಂದು, ಇನ್ನೂರೈವತ್ತು ವರ್ಷದಿಂದ ಅಲ್ಲೇ ಇದ್ದಂತೆ ಒಂಚೂರು ವಾಲಿ ನಿಂತಿತ್ತು. ನೆತ್ತಿಯಲ್ಲಿ ರೆಕ್ಕೆ ಬಿಡಿಸಿದ ತಲೆಬುರುಡೆ. ಕೆಳಗೆ ಬರಹ: ಸೈಲೆನ್ಸ್, ಕ್ಯಾಪ್ಟನ್ ಜೊಸೈಯಾ ವಾಡಮ್ಸ್‌ರ ರೆಲಿಕ್ಟ್, 1741ರ ಚಳಿಗಾಲದಲ್ಲಿ ತೀರಿಕೊಂಡಳು.

"ಸೈಲೆನ್ಸ್ ಅಂತ ಹೆಸರಾ?" ಟಿಬೆಟ್ಸ್ ಕೇಳಿದ. "ಪಾಪ, ಮನೇಲಿ ಹೆಂಗೆ ಕರೀತಿದ್ರೋ."

"ಆಗ ಹಾಗೆ ಇಡ್ತಿದ್ರು. ಹೆಣ್ಣುಮಕ್ಕಳಿಗೆ."

ಕೊರಿನ್ ಮಂಡಿಯೂರಿದಳು. ಹುಲ್ಲುಹಾಸನ್ನು ಚೌಕವಾಗಿ ಕೊಯ್ದು ಮತ್ತೆ ಕೂರಿಸಿದ್ದರು. ಅದರಡಿ ಈ ವರ್ಷದ ಕೆಂಪು ಎಲೆಗಳು ಸಿಕ್ಕಿಕೊಂಡಿದ್ದವು, ಇನ್ನೂ ಬಣ್ಣ ಹೋಗಿರಲಿಲ್ಲ. ಕಲ್ಲಿನ ಬೆನ್ನ ಮೇಲೆ ಪಾಚಿ ದಪ್ಪಗೆ ಕಟ್ಟಿತ್ತು. ಅಕ್ಷರಗಳ ಒಳಗೆ ಮಾತ್ರ ಒಂದು ಚುಕ್ಕೆ ಪಾಚಿಯಿಲ್ಲ. ಹಳೆಯ ಕಲ್ಲು, ಹೊಸ ಬರಹ. ಹಾಗಿದ್ದರೆ ಮೊದಲಿದ್ದ ಬರಹ ಎಲ್ಲಿ ಹೋಯಿತು?

"ಟಾರ್ಚ್ ತರ್ಲಾ ಮೇಡಂ?"

"ಟಾರ್ಚಲ್ಲಿ ಆಗಲ್ಲ. ಇಲ್ಲೇ ಇರಿ."

ಅವಳು ಮನೆಗೆ ಹೋಗಿ ಕನ್ನಡಿ ತಂದಳು. ಬಟ್ಟೆಯನ್ನು ಸ್ಮಶಾನಕ್ಕೆ ಬಂದ ಮೇಲೇ ತೆಗೆದಳು, ಅದೂ ಕನ್ನಡಿಯ ಮುಖವನ್ನು ಆಕಾಶಕ್ಕೆ ತಿರುಗಿಸಿ. ಹಳೆಯ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ, ಮೇಲಿನ ಒಂದು ಮೂಲೆ ಒಡೆದಿತ್ತು. ಟಿಬೆಟ್ಸ್ ಅದನ್ನು ಎದೆಗೊತ್ತಿ ಹಿಡಿದು ಸೂರ್ಯನ ಕಡೆ ತಿರುಗಿಸಿದ. ಬೆಳಕು ಕಲ್ಲಿನ ಅಂಚಿನಿಂದ ಒಳಗೆ ತೆವಳಿತು.

ಸೈಲೆನ್ಸ್ ಎಂಬ ಹೆಸರಿನ ಅಡಿಯಿಂದ ಇನ್ನೊಂದು ಬರಹ ಮೇಲೆದ್ದಿತು.

ಟಿಬೆಟ್ಸನ ಕೈಯಲ್ಲಿ ಕನ್ನಡಿ ವಾಲಿದಾಗ ಅದು ಮುಳುಗಿತು. ಗಟ್ಟಿಯಾಗಿ ಹಿಡಿದಾಗ ಮತ್ತೆ ಬಂತು. ನೀರಿನ ತಳದಿಂದ ಯಾರೋ ಮುಖ ಮೇಲಕ್ಕೆತ್ತಿ, ಬೇಡವೆನಿಸಿ, ಒಳಗೆ ಹೋದ ಹಾಗೆ. ಕೊರಿನ್ ಒಂದೊಂದೇ ಅಕ್ಷರ ಹೇಳಿದಳು, ಟಿಬೆಟ್ಸ್ ಹಿಂದೆಯೇ ಕೂಡಿಸಿ ಓದಿದ: "ವಾಡಮ್ಸ್... ಹೆಸರಿಡದ... ಕೂಸು." ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಲವೀನಿಯಾ ಹಿಂದಿನ ಗೋಡೆಯ ಕಡೆ ಓಡಿದಳು, ಆ ವಯಸ್ಸಿಗೆ ಓಡಬಾರದ ಹಾಗೆ. ಮಕ್ಕಳ ಗೋರಿಗಳ ಸಾಲಿನ ಕೊನೆಯಲ್ಲಿ ಎಲೆಗಳನ್ನು ಗುಡ್ಡೆ ಹಾಕಿತ್ತು. ಕಾಲಿನಿಂದ ಸರಿಸಿದಳು. ಕೆಳಗೆ ಕಲ್ಲು ಕಿತ್ತ ಗುಳಿ.

"ಪಾಪೂನ ಕಲ್ಲು," ಎಂದಳು. "ನಮ್ಮ ಪಾಪೂ ಕಲ್ಲು ಕಣೇ. ಅದಕ್ಕೆ ಹೆಸರೂ ಇರ್ಲಿಲ್ಲ. ಇದ್ದದ್ದು ಅದೊಂದೇ."

ಮಹಜರು ಬರೆದು ಮುಗಿಸುವಾಗ ಕೊರಿನ್ ಒಂದು ಮಾತಿನ ಕೆಳಗೆ ಗೆರೆ ಎಳೆದಳು. ರೆಲಿಕ್ಟ್. ಹಳೆಯ ಕಲ್ಲುಗಳಲ್ಲಿ ವಿಧವೆಗೆ ಆ ಮಾತು. ಗಂಡ ಹೋದ ಮೇಲೆ ಉಳಿದವಳು. ಗಂಡ ಬದುಕಿರುವಾಗಲೇ ಸತ್ತರೆ ಬೇರೆ ಮಾತು ಕೆತ್ತುತ್ತಿದ್ದರು. ಅವಳು ಪಕ್ಕದ ಕಲ್ಲು ನೋಡಿದಳು. ಕ್ಯಾಪ್ಟನ್ ಸತ್ತದ್ದು 1749ರಲ್ಲಿ.

"ಗಂಡ ಸಾಯೋಕೆ ಎಂಟು ವರ್ಷ ಮೊದಲೇ ಇವಳು ವಿಧವೆಯಾಗಿ ಸತ್ತಿದ್ದಾಳೆ," ಎಂದಳು.

ಈ ಮಾತನ್ನು ಅವಳಿಗೆ ಕಲಿಸಿದ್ದು ಏಸಾ, ಇದೇ ಗುಡ್ಡದ ಮೇಲೆ, ಮದುವೆಯ ಮೊದಲ ವರ್ಷ. ಜನರ ವಂಶ ಹುಡುಕಿಕೊಡುವುದು ಅವನ ಕೆಲಸ. ಚರ್ಚಿನ ಹಳೆಯ ಕಡತ, ಉಯಿಲು, ಗೋರಿಕಲ್ಲು, ಎಲ್ಲಿ ಏನು ಸಿಗುತ್ತದೆಂದು ಸುತ್ತಲಿನ ಊರುಗಳಿಗೆಲ್ಲ ಅವನೇ ಹೇಳಬೇಕು. "ನಾನು ಮೊದಲು ಹೋದ್ರೆ ನೀನೂ ರೆಲಿಕ್ಟೇ," ಎಂದು ಅವತ್ತು ನಕ್ಕಿದ್ದ.

"ಲವೀನಿಯಾ, ನಿಮ್ಮ ಸಂಘಕ್ಕೆ ಸೈಲೆನ್ಸ್ ಅನ್ನೋ ಹೆಸರು ಹೇಳ್ಕೊಂಡು ಯಾರಾದ್ರೂ ಬಂದಿದ್ರಾ?"

"ಒರಿನ್ ಬಿಸೆಲ್. ನಮ್ಮ ಕ್ಯಾಪ್ಟನ್ನರ ವಂಶ ಅಂತಾನೆ. ಪುರಾವೆ ತಾ ಅಂತ ಪ್ರತಿ ಸಲ ವಾಪಸ್ ಕಳಿಸಿದ್ದೀವಿ."

ಒರಿನ್ ಬಿಸೆಲ್ ಮನೆಗಳ ಸೂರಿಗೆ ಸ್ಲೇಟು ಹಾಸುತ್ತಿದ್ದವನು. ಊರಿನಲ್ಲಿ ಆ ಕೆಲಸ ಬಲ್ಲವನು ಅವನೊಬ್ಬನೇ ಉಳಿದಿದ್ದ. ಒಂಟಿ ಮನುಷ್ಯ. ಅವನ ಅಡುಗೆಮನೆಯ ಮೇಜಿನ ಮೇಲೆ ಅರ್ಧ ಕಡಿದ ಸೇಬು ಕಂದಾಗಿ ಕೂತಿತ್ತು.

"ಕಲ್ಲು ನೀವು ನೆಟ್ಟಿದ್ದಾ?"

"ನೆಟ್ಟಿದ್ದು ನಾನೇ. ಸಿಕ್ಕಿದ್ದು ನನಗಲ್ಲ."

"ಯಾರಿಗೆ?"

ಒರಿನ್ ಅವಳ ಮುಖ ನೋಡದೆ ಹೇಳಿದ: "ನಿಮ್ಮೆಜಮಾನರಿಗೆ. ಮಣ್ಣಲ್ಲಿ ಹೂತಿತ್ತು. ಏಸಾ ಹುಡುಕಿದ್ರು, ಏಸಾನೇ ಓದಿದ್ರು. ಇದೇ ನಿನ್ನಜ್ಜಿ ಅಂದ್ರು."

ಕೊರಿನ್ ಪುಸ್ತಕ ಮುಚ್ಚಿದಳು. ಮುಂದಿನ ಪ್ರಶ್ನೆ ಕೇಳುವ ಹಕ್ಕು ಇನ್ನು ಅವಳಿಗಿರಲಿಲ್ಲ.

"ಇನ್ಮೇಲೆ ಇದು ಟಿಬೆಟ್ಸ್ ಕೇಸು," ಎಂದ ಚೀಫ್, ಬಾಗಿಲು ಹಾಕಿಕೊಂಡು. "ನೀನು ಸಾಕ್ಷಿ, ಅಷ್ಟೇ. ಕೊರಿನ್, ಇದು ನಿಜ ಅಂತಾದ್ರೆ ಏಸಾ ಹುಡುಕಿಕೊಟ್ಟ ಒಂದೊಂದು ವಂಶಾನೂ ಜನ ಅನುಮಾನದಿಂದ ನೋಡ್ತಾರೆ. ಅವನು ಮಾಡಿದ್ದೆಲ್ಲ ಕಸ ಆಗತ್ತೆ."

"ಗೊತ್ತು."

"ಮನೆಗೆ ಹೋಗು."

ಅವಳು ಹೋದಳು. ಕನ್ನಡಿ ಠಾಣೆಯ ಸಾಕ್ಷ್ಯದ ಕೋಣೆಯಲ್ಲಿ ಉಳಿದಿತ್ತು. ಹಜಾರದ ಗೋಡೆಯ ಮೇಲೆ ಅದರಳತೆಯ ಬಿಳಿಚು ಜಾಗ. ಬಾಗಿಲು ತೆರೆದಾಗ ಅಭ್ಯಾಸಬಲದಿಂದ ಕಾಲು ಓರೆಯಾಗಿ ಇಟ್ಟಳು, ತಾಗಲು ಅಲ್ಲಿ ಏನೂ ಇರಲಿಲ್ಲ. ಆ ಕಲ್ಲನ್ನು ಏಸಾ ನೋಡಿದ್ದರೆ ರೆಲಿಕ್ಟ್ ಎಂಬ ಮಾತನ್ನೂ ನೋಡಿರುತ್ತಿದ್ದ. ನೋಡಿದ್ದರೆ ನಕ್ಕಿರುತ್ತಿದ್ದ. ಅವಳಿಗೆ ಅದು ಖಚಿತವಿತ್ತು. ಹೆಂಡತಿಯ ಖಚಿತತೆಯನ್ನು ಯಾವ ನ್ಯಾಯಾಲಯವೂ ಸಾಕ್ಷ್ಯವೆಂದು ಬರೆದುಕೊಳ್ಳುವುದಿಲ್ಲ ಎಂಬುದೂ ಖಚಿತವಿತ್ತು.

ಮರುದಿನ ಬೆಳಿಗ್ಗೆ ಒರಿನ್‌ನನ್ನು ವಿಚಾರಣೆಗೆ ಕರೆಸಿದರು. ಅವನು ವಕೀಲರು ಬೇಡವೆಂದು ಸಹಿ ಹಾಕಿದ. ಟಿಬೆಟ್ಸ್ ಎದುರು ಕೂತ, ಚೀಫ್ ಕಿಟಕಿಯ ಹತ್ತಿರ ನಿಂತ. ಕೊರಿನ್ ಪಕ್ಕದ ಕೋಣೆಯಲ್ಲಿ ಸ್ಪೀಕರಿನ ಮುಂದೆ ಕುಳಿತಳು.

"ಕಲ್ಲು ಯಾವಾಗ ಸಿಕ್ತು?"

"ಸೆಪ್ಟೆಂಬರ್. ಶಾಲೆ ಶುರುವಾದ ವಾರ."

"ಅಲ್ಲಿ ಯಾರ್ಯಾರಿದ್ರು?"

"ನಾವಿಬ್ಬರೇ. ಏಸಾ ಕೆರೆದ್ರು. ನಾನು ಕನ್ನಡಿ ಹಿಡಿದೆ."

"ಯಾವ ಕನ್ನಡಿ?"

"ನಮ್ಮಮ್ಮಂದು. ಡ್ರೆಸ್ಸಿಂಗ್ ಟೇಬಲ್ಲಿಂದು. ಅವತ್ತು ಬೆಳಿಗ್ಗೆ ಮನೆಯಿಂದ ನಾನೇ ಹೊತ್ಕೊಂಡು ಹೋದೆ."

"ಆಮೇಲೆ?"

"ಆಮೇಲೇನು, ವಾಪಸ್ ತಂದು ಮಹಡಿ ಮೇಲೆ ಇಟ್ಟೆ."

"ಹೆಂಗಿದೆ ಅದು?"

"ಹಳೇದು. ಮೇಲೊಂದು ಮೂಲೆ ಒಡೆದಿದೆ. ನಾನು ಚಿಕ್ಕವನಿದ್ದಾಗ ಒಡೆದದ್ದು, ಅಮ್ಮನ ಕೈಲಿ ಚೆನ್ನಾಗಿ ಏಟು ತಿಂದೆ."

ಕೊರಿನ್ ಎದ್ದು ನಿಂತಳು. ಸೆಪ್ಟೆಂಬರ್ ಪೂರ್ತಿ ಬೈದ ಬೈಗುಳಗಳೆಲ್ಲ ಒಮ್ಮೆಗೆ ನೆನಪಾದವು. ಬಾಗಿಲು ತಟ್ಟಿ ಚೀಫ್‌ನನ್ನು ಹೊರಗೆ ಕರೆದು, ತನ್ನ ಹೇಳಿಕೆ ಬರೆದುಕೊಳ್ಳಲು ಹೇಳಿದಳು. ಕನ್ನಡಿ ಆಗಸ್ಟಿನಿಂದ ಎಲ್ಲಿತ್ತು, ದಿನಾ ತನ್ನ ಯಾವ ಕಾಲಿಗೆ ತಾಗುತ್ತಿತ್ತು, ಎಲ್ಲವನ್ನೂ. ಸಹಿ ಹಾಕಿದಳು.

ಟಿಬೆಟ್ಸ್ ಕಪ್ಪು ಬಟ್ಟೆಯ ಸಮೇತ ಕನ್ನಡಿಯನ್ನು ಒಳಗೆ ತಂದು ಮೇಜಿನ ಮೇಲೆ ನಿಲ್ಲಿಸಿದ. ಬಟ್ಟೆ ಎಳೆದ.

ಒರಿನ್ ತನ್ನ ಮುಖ ನೋಡಿಕೊಂಡ. ಕೈ ಚಾಚಿ ಒಡೆದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ.

"ಮರ್ತೇಬಿಟ್ಟಿದ್ದೆ," ಎಂದ. "ಕೊಟ್ಟಿದ್ದೆ ಅಲ್ವಾ ಅವರಿಗೆ."

"ಏಸಾ ಈ ಕಲ್ಲು ನೋಡಿದ್ರಾ ಒರಿನ್?"

"ಇಲ್ಲ."

"ಯಾವಾಗ ನೆಟ್ಟಿದ್ದು?"

"ಅವರು ತೀರಿಕೊಂಡ ವಾರ. ಇದ್ದಿದ್ರೆ ದಾರೀಲೇ ನಿಂತು ನೋಡಿ ನಕ್ಕುಬಿಡ್ತಿದ್ರು."

"ಹಾಗಾದ್ರೆ ಅವರ ಹೆಸರು ಯಾಕೆ ಎಳೆದ್ರಿ?"

"ಸತ್ತವರು ಇಲ್ಲ ಅನ್ನಲ್ವಲ್ಲ," ಎಂದ ಒರಿನ್. ಆಮೇಲೆ ಗೋಡೆಯಾಚೆ ಯಾರಿದ್ದಾರೆಂದು ಗೊತ್ತಿದ್ದವನಂತೆ ದನಿ ತಗ್ಗಿಸಿ, "ತಪ್ಪಾಯ್ತು," ಎಂದ.

11.15ಕ್ಕೆ ಅವನನ್ನು ಬಂಧಿಸಲಾಯಿತು. ಗೋರಿಕಲ್ಲು ಕಿತ್ತು ವಿರೂಪಗೊಳಿಸಿದ ಆರೋಪ. ಕೈಕೋಳ ಬೇಡ ಎಂದು ಚೀಫ್ ತಲೆಯಾಡಿಸಿದ.

ಉಳಿದದ್ದನ್ನು ಯಾರೂ ಕೇಳದೆಯೇ ಒರಿನ್ ಹೇಳಿದ. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಒಂದು ಕತೆ ಹೇಳುತ್ತಿದ್ದರು. ಸೈಲೆನ್ಸ್ ಎಂಬ ಕೆಲಸದ ಹುಡುಗಿ, ಕ್ಯಾಪ್ಟನ್ನರ ಮಗುವಿನ ತಾಯಿ. ಏಸಾ ವರ್ಷವೆಲ್ಲ ಹುಡುಕಿದ. ಕಡತಗಳಲ್ಲಿ ಮದುವೆಯಿಲ್ಲ, ಮಗುವಿನ ತಂದೆ ಯಾರೆಂದಿಲ್ಲ, ಗೋರಿಯಿಲ್ಲ. ಸಿಕ್ಕಿದ್ದು ಒಂದೇ. ಆ ಕಾಲದಲ್ಲಿ ಊರಿಗೆ ಸೇರದ ಬಡವರನ್ನು ಹೆಸರು ಹಿಡಿದು ಹೊರಗಟ್ಟುತ್ತಿದ್ದರು. ಸೈಲೆನ್ಸ್ ಬಿಸೆಲ್ ಊರು ಬಿಡತಕ್ಕದ್ದು ಎಂಬ ಆಜ್ಞೆ ಇತ್ತು. ಮಗುವನ್ನು ಚಾಕರಿಗೆ ಇಟ್ಟುಕೊಂಡರು. ತಾಯಿ 1741ರ ಆ ಚಳಿಗಾಲ ದಾರಿಯಲ್ಲೇ ಸತ್ತಳು.

"ನಿಮ್ಮಂಥ ಒಬ್ಬ ಕಾನ್‌ಸ್ಟೇಬಲ್ಲೇ ಬಾಗಿಲಿಗೆ ಬಂದು ಓದಿ ಹೇಳಿದ್ದು," ಎಂದ ಟಿಬೆಟ್ಸನಿಗೆ. "ಏಸಾ ಅಂದ್ರು, ಒರಿನ್, ಬೇಜಾರಾಗಬೇಡ, ಓಡಿಸೋಕಾದ್ರೂ ಅವಳ ಹೆಸರು ಬರೆದ್ರಲ್ಲ, ಇಲ್ಲದಿದ್ರೆ ಅವಳು ಇದ್ದಳು ಅಂತಾನೇ ನಮಗೆ ಗೊತ್ತಾಗ್ತಿರ್ಲಿಲ್ಲ. ಅವರು ಸಮಾಧಾನಕ್ಕೇ ಹೇಳಿದ್ದು. ನನಗೆ ಅದೇ ಚುಚ್ತು. ಹುಟ್ಟಿದಾಗಿಂದ ಇದೇ ಊರಲ್ಲಿದ್ದೀನಿ. ಅರ್ಧ ಊರಿನ ಸೂರು ನಾನು ಹಾಸಿದ್ದು. ಈಗಲೂ ಲವೀನಿಯಾ ನೀನು ಈ ಊರಿನವನಲ್ಲ ಅಂತಾಳೆ."

"ಸತ್ತ ವರ್ಷ ಮಾತ್ರ ಯಾಕೆ ಸರಿಯಾಗಿ ಕೆತ್ತಿದ್ರಿ? ಹತ್ತು ವರ್ಷ ಆಚೆ ಹಾಕಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ."

"ಅದೊಂದು ನಿಜ ಇತ್ತಲ್ಲ. ಅದನ್ನ ಹೆಂಗೆ ಸುಳ್ಳು ಮಾಡೋದು?"

"ಮತ್ತೆ ಆ ಮಾತು? ರೆಲಿಕ್ಟ್?"

ಒರಿನ್ ಗೊಂದಲದಿಂದ ನೋಡಿದ. ಅದರಲ್ಲಿ ತಪ್ಪಿದೆಯೆಂದು ಅವನಿಗೆ ಆಗಲೂ ಗೊತ್ತಿರಲಿಲ್ಲ.

"ಉಳಿದವಳು ಅಂತ ಅಲ್ವಾ? ಎಲ್ಲ ಸೇರಿ ಓಡಿಸಿದ್ರಲ್ಲ. ಉಳೀಲಿ ಅಂತ ಕೆತ್ತಿದೆ."

ಪಕ್ಕದ ಕೋಣೆಯಲ್ಲಿ ಕೊರಿನ್ ಸ್ಪೀಕರ್ ಆರಿಸಿದಳು.

ಡಿಸೆಂಬರಿನಲ್ಲಿ ಒರಿನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಕೂಸಿನ ಕಲ್ಲನ್ನು ಹಿಂದಿನ ಗೋಡೆಯ ಬಳಿ ಮರಳಿ ನೆಟ್ಟರು. ಮುಖದ ಮೇಲೆ ಸೈಲೆನ್ಸ್ ಹೆಸರು ಹಾಗೇ ಇತ್ತು. ಅಳಿಸಲು ಹೋದರೆ ಕಲ್ಲೇ ಒಡೆಯುತ್ತದೆ ಎಂದರು ಬಲ್ಲವರು. ಲವೀನಿಯಾ ಕೂಗಾಡಿದಳು, ಆಮೇಲೆ ಸುಮ್ಮನಾದಳು. ಬಿಸಿಲು ಓರೆಯಾದಾಗ ಕೂಸು ಮೇಲೆ ಬರುತ್ತದೆ, ನೆತ್ತಿಗೇರಿದಾಗ ಸೈಲೆನ್ಸ್ ಉಳಿಯುತ್ತಾಳೆ. ಈಗ ಆ ಸಾಲಿನ ಕಡೆ ಸಂಜೆ ಯಾರೂ ಒಬ್ಬರೇ ಹೋಗುವುದಿಲ್ಲ.

ಸಾಕ್ಷ್ಯದ ಕೋಣೆಯಿಂದ ಕನ್ನಡಿ ಬಿಡುಗಡೆಯಾದ ದಿನ ಕೊರಿನ್ ಸಹಿ ಹಾಕಿ ತೆಗೆದುಕೊಂಡಳು. ಪಾತ್ರೆಗಳನ್ನೆಲ್ಲ ಅವರವರಿಗೆ ಕೊಟ್ಟಾಗಿತ್ತು. ಶಿಕ್ಷೆ ಇನ್ನೂ ಪ್ರಕಟವಾಗಿರಲಿಲ್ಲ, ಒರಿನ್ ಜಾಮೀನಿನ ಮೇಲೆ ಮನೆಯಲ್ಲೇ ಇದ್ದ. ಅವಳು ಅವನ ಮನೆಯ ಮುಂದೆ ಕಾರಿನಿಂದ ಕನ್ನಡಿ ಇಳಿಸಿ, ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಹಿಮದ ದಾರಿಯಲ್ಲಿ ನಡೆಯುವಾಗ ಕನ್ನಡಿ ಅವಳ ಕಡೆಗೇ ಮುಖ ಮಾಡಿತ್ತು. ಅಷ್ಟು ದಿನಗಳ ಮೇಲೆ ತನ್ನನ್ನು ನೋಡಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಒರಿನ್ ಬಾಗಿಲು ತೆರೆದ.

"ವಾರದಲ್ಲಿ ಕೊಡ್ತೀನಿ ಅಂತ ತಂದಿದ್ರು," ಎಂದಳು ಕೊರಿನ್. "ತಡವಾಯ್ತು."

ಅವನು ಎರಡೂ ಕೈಯಲ್ಲಿ ಇಸಕೊಂಡ.