ಚಿನ್ನದ ಕಟ್ಟೆ ಒಡೆದ ರಾಜಕುಮಾರಿ

ಬಹಳ ಹಿಂದೆ, ಮೃಗಗಳಿಗೂ ಮಂತ್ರ ತಗಲುತ್ತಿದ್ದ ಕಾಲದಲ್ಲಿ, ಹೊಳೆನಾಡು ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಬಿಜ್ಜರಸನಿಗೆ ಸಾಂತಲೆ ಎಂಬ ಮಗಳು, ಮಾರಸಿಂಗ ಎಂಬ ಮಗ. ಸಿಂಹಾಸನ ಕೇಳಿ ಛೀಮಾರಿ ಹಾಕಿಸಿಕೊಂಡ ಮಾಂತ್ರಿಕ ಜಟಿಲಾಂಗ, ಮಾರಸಿಂಗನ ಪ್ರಾಣವನ್ನು ಅರಮನೆಯಂಗಳದ ಹೊಂಗೆಮರದಲ್ಲಿ ಅಡಗಿಸಿಟ್ಟ. ಹುಡುಗ ಮಲಗಿದವನು ಏಳಲಿಲ್ಲ.

“ಈ ಮರ ಮೂರು ಸಲ ಹೂ ಬಿಟ್ಟರೆ ನನ್ನ ಮಾಯೆ ಮುರಿಯುತ್ತದೆ. ಒಣಗಿದರೆ ಅವನೂ ಮುಗಿದ!” ಎಂದು ಮಾಂತ್ರಿಕ ಗಹಗಹಿಸಿದ.

“ಮರ ತಾನೆ? ನಾನು ನೋಡಿಕೊಳ್ಳುತ್ತೇನೆ,” ಎಂದಳು ಸಾಂತಲೆ.

ಮೊದಲ ವರ್ಷ ಮಾಂತ್ರಿಕ ಕಳಿಸಿದ ಕಬ್ಬಿಣದ ಹಲ್ಲಿನ ಹುಳು ಬಂದು ಕಾಂಡ ಕೊರೆಯಿತು. ಸಾಂತಲೆ ಅದನ್ನು ಕೊಕ್ಕೆ ಹಾಕಿ ಹೊರಗೆಳೆದು, ತೂತಿಗೆ ಜೇಡಿಮಣ್ಣು ಮೆತ್ತಿದಳು. ಮರ ಹೂ ಬಿಟ್ಟಿತು. ಎರಡನೆಯ ವರ್ಷ ಮೂರು ತಲೆಯ ಮೇಕೆ ಬಂದು ತೊಗಟೆ ಸುಲಿಯತೊಡಗಿತು. ಸಾಂತಲೆ ಮುಳ್ಳಿನ ಬೇಲಿ ಕಟ್ಟಿ, ಮೂರು ಬಾಯಿಗೂ ಹುಲ್ಲು ಹಾಕಿ ಮೇಕೆಯನ್ನು ಪಳಗಿಸಿದಳು. ಅದರ ಹಿಕ್ಕೆಯೇ ಗೊಬ್ಬರವಾಯಿತು. ಮರ ಮತ್ತೆ ಹೂ ಬಿಟ್ಟಿತು.

ಮೂರನೆಯ ವರ್ಷ ಮೃಗ ಬರಲಿಲ್ಲ. ಜಟಿಲಾಂಗನೇ ಸನ್ಯಾಸಿಯ ವೇಷ ಹಾಕಿಕೊಂಡು ಬಂದ.

“ದೊರೆಯೇ, ಮಗನ ಪ್ರಾಣವಿರುವ ಮರಕ್ಕೆ ಬರೀ ಮಣ್ಣೇ? ಚಿನ್ನದ ಕಟ್ಟೆ ಕಟ್ಟಿಸು, ದಿನವೂ ಹಾಲೆರೆ,” ಎಂದ.

ಹೆತ್ತ ಕರುಳು, ಕೇಳಬೇಕೆ! ಮಗಳು ಬೇಡವೆಂದರೂ ಬಿಜ್ಜರಸ ಕಾಂಡಕ್ಕೆ ಒತ್ತಿ ಕಟ್ಟೆ ಕಟ್ಟಿಸಿದ, ಕೊಡಗಟ್ಟಲೆ ಹಾಲು ಸುರಿಸಿದ. ಬುಡ ನಾರತೊಡಗಿತು. ಎಲೆ ಹಳದಿಯಾಯಿತು. ಅರಮನೆಯೊಳಗೆ ಮಲಗಿದ್ದ ಮಾರಸಿಂಗನಿಗೆ ಏದುಸಿರು ಶುರುವಾಯಿತು.

ಸಾಂತಲೆ ಹಾರೆ ಎತ್ತಿಕೊಂಡಳು.

“ಬೇಡ ಮಗಳೇ, ಅದು ನನ್ನ ಭಕ್ತಿ!” ಎಂದು ದೊರೆ ಅಡ್ಡ ಬಂದ.

“ನಿಮ್ಮ ಭಕ್ತಿಗೆ ತಮ್ಮನ ಉಸಿರು ಕಟ್ಟುತ್ತಿದೆ, ಅಪ್ಪಾಜಿ. ಬೇರಿಗೂ ಗಾಳಿ ಬೇಕು. ಸರಿದು ನಿಲ್ಲಿ.”

ಕಟ್ಟೆ ಒಡೆಯಿತು. ಅದೇ ಹೊತ್ತಿಗೆ ಮರದ ಎಲೆಗಳೆಲ್ಲ ಉದುರಿದವು. ಊರೇ ಗೊಳೋ ಎಂದು ಅತ್ತಿತು. ಮಾಂತ್ರಿಕ ವೇಷ ಕಳಚಿ ಕುಣಿದ. ಸಾಂತಲೆ ಮಾತ್ರ ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರು!

“ಕುಣಿ, ಕುಣಿ. ಇದರಲ್ಲಿನ್ನೂ ಜೀವವಿದೆ,” ಎಂದಳು.

ಕೊಳೆತ ಮಣ್ಣು ತೆಗೆದು ಹೊಸ ಮಣ್ಣನ್ನು ಸಡಿಲವಾಗಿ ಹರಡಿದಳು, ತರಗೆಲೆ ಹೊದಿಸಿದಳು. ಬುಡಕ್ಕೆ ಸುರಿಯದೆ, ಕೊಂಬೆಗಳ ತುದಿಯ ನೇರಕ್ಕೆ ನೀರು ಹಾಕಿದಳು. ಆಮೇಲೆ ಕಾದಳು.

ಮರ ಚಿಗುರಿತು. ಹೂಗೊಂಚಲು ತೂಗಿತು. ಜಟಿಲಾಂಗ ಕುಗ್ಗಿ ಕುಗ್ಗಿ ಎರೆಹುಳುವಾಗಿ, ಅದೇ ಮಣ್ಣು ಉಳಲು ಒಳಗಿಳಿದ.

ಮಾರಸಿಂಗ ಹಾಸಿಗೆಯಲ್ಲಿ ಎದ್ದು ಕೂತ. “ಅಕ್ಕಾ, ನನ್ನ ಎದೆಗೆ ಅಷ್ಟು ಬಿಗಿಯಾಗಿ ಏನು ಕಟ್ಟಿದ್ದಿರಿ?”

“ನನ್ನ ಪ್ರೀತಿ, ಮಗನೇ,” ಎಂದು ಬಿಜ್ಜರಸ ಅತ್ತೇಬಿಟ್ಟ. ಮಗನನ್ನು ಹತ್ತಿರ ಎಳೆದುಕೊಂಡು, ಈ ಸಲ ಸಡಿಲವಾಗಿ ತಬ್ಬಿದ.

ಆಮೇಲೆ ಅವರೆಲ್ಲ ಹೊಂಗೆಯ ನೆರಳಲ್ಲಿ, ಬರಿ ನೆಲದ ಮೇಲೆ ಕೂತು, ಬಹುಕಾಲ ಸುಖವಾಗಿ ಬಾಳಿದರು.